ಉತ್ತರ ಕನ್ನಡ ಕರಾವಳಿಯಲ್ಲಿ ಬೆನ್ನುಚೀಲದ ಪ್ರವಾಸ: ತಂಗುವ ಸ್ಥಳದ ಆಯ್ಕೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬಸ್ಸು, ರೈಲು, ದೋಣಿ ಹಾಗೂ ಕಾಲ್ನಡಿಗೆಯಲ್ಲಿ ಊರಿಂದೂರಿಗೆ ಸಂಚರಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಇಂತಹ ಪ್ರವಾಸಿಗರು ಸಾಮಾನ್ಯವಾಗಿ ಬಾಡಿಗೆ ಎಷ್ಟು, ಕಡಲು ಎಷ್ಟು ಹತ್ತಿರ ಎಂಬ ಎರಡು ಅಂಶಗಳನ್ನು ಮಾತ್ರ ನೋಡಿ ತಂಗುವ ಸ್ಥಳವನ್ನು ನಿರ್ಧರಿಸುವುದು ಕಂಡುಬರುತ್ತದೆ. ಇವೆರಡಕ್ಕೂ ಮೊದಲು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ರಾತ್ರಿ ನಾನು ಹಿಂತಿರುಗದಿದ್ದಲ್ಲಿ ಅದು ಯಾರ ಗಮನಕ್ಕೆ ಬರುತ್ತದೆ? ಈ ಪ್ರಶ್ನೆಗೆ ಉತ್ತರವಿರುವ ಸ್ಥಳವೇ ತಂಗಲು ಯೋಗ್ಯವಾದ ಸ್ಥಳವಾಗಿರುತ್ತದೆ.

1. ಮೊದಲು ಮಾರ್ಗ, ನಂತರ ಕೊಠಡಿ

ಈ ಕರಾವಳಿಯನ್ನು ಕಾಳಿ, ಗಂಗಾವಳಿ, ಅಘನಾಶಿನಿ ಹಾಗೂ ಶರಾವತಿ ನದಿಗಳು ಅಡ್ಡಹಾಯ್ದು ಸಮುದ್ರ ಸೇರುತ್ತವೆ. ನಕ್ಷೆಯಲ್ಲಿ ಎದುರುಬದುರಾಗಿ ಕಾಣುವ ಎರಡು ಊರುಗಳ ನಡುವೆ ಅಳಿವೆ ಇರಬಹುದು. ಉದಾಹರಣೆಗೆ, ಗೋಕರ್ಣದ ಬಳಿಯ ತದಡಿಯಿಂದ ಎದುರು ದಡದ ಅಘನಾಶಿನಿ ಗ್ರಾಮಕ್ಕೆ ದೋಣಿಯಲ್ಲಿ ಕೆಲವೇ ನಿಮಿಷಗಳ ಪ್ರಯಾಣ. ದೋಣಿ ತಪ್ಪಿದಲ್ಲಿ ಮಾದನಗೇರಿ, ಹೆದ್ದಾರಿ ಮತ್ತು ಕುಮಟಾ ಪಟ್ಟಣದ ಮೂಲಕ 30 ಕಿ.ಮೀ.ಗೂ ಹೆಚ್ಚು ಸುತ್ತಿ ಬರಬೇಕಾಗುತ್ತದೆ. ಆದುದರಿಂದ ಗೋಕರ್ಣದಿಂದ ಕುಮಟಾ ಕಡೆಗೆ ಕಾಲ್ನಡಿಗೆಯಲ್ಲಿ ಹೊರಡುವವರು ಕೊನೆಯ ದೋಣಿಯ ಸಮಯವನ್ನು ಅದೇ ದಿನ ಬೆಳಿಗ್ಗೆ ಸ್ಥಳೀಯವಾಗಿ ವಿಚಾರಿಸಿ, ಕಾಗಾಲ, ಬಾಡ, ಕಡ್ಲೆ ಮುಂತಾದ ಊರುಗಳ ಪೈಕಿ ಕತ್ತಲಾಗುವ ಮೊದಲು ತಲುಪಬಹುದಾದ ಊರಿನಲ್ಲಿ ವಸತಿಯನ್ನು ಮುಂಚಿತವಾಗಿ ಗೊತ್ತುಪಡಿಸಿಕೊಳ್ಳುವುದು ಸೂಕ್ತ.

ಕೊಂಕಣ ರೈಲ್ವೆಯ ಕೆಲವು ನಿಲ್ದಾಣಗಳು ಊರಿನಿಂದ ದೂರದಲ್ಲಿವೆ. ಗೋಕರ್ಣ ರೋಡ್ ನಿಲ್ದಾಣವು ಗೋಕರ್ಣ ಪೇಟೆಯಲ್ಲಿರದೆ, ಸುಮಾರು 10 ಕಿ.ಮೀ. ದೂರದ ಮಾದನಗೇರಿ ಬಳಿ ಇದೆ. ತಡರಾತ್ರಿ ಬಂದಿಳಿಯುವವರು ಮೊದಲ ರಾತ್ರಿಯನ್ನು ಕುಮಟಾದಂತಹ ತಾಲ್ಲೂಕು ಕೇಂದ್ರದಲ್ಲಿ ಕಳೆದು, ಮರುದಿನ ಹಳ್ಳಿಯ ಕಡೆಗೆ ತೆರಳುವುದು ಕ್ಷೇಮಕರ.

2. ಋತುಮಾನಕ್ಕೆ ತಕ್ಕ ಆಯ್ಕೆ

ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಅವಧಿ ಅನುಕೂಲಕರವಾದುದು. ಆದರೆ ಆಗಲೂ ಸಮುದ್ರವು ನಿರಪಾಯಕಾರಿಯೆಂದು ಭಾವಿಸಬಾರದು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದ ಕಡಲತೀರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಮಳೆಗಾಲ ಮುಗಿದು ಆಗಲೇ ಎರಡು ತಿಂಗಳಾಗಿತ್ತು. ಈಜುವ ಉದ್ದೇಶವುಳ್ಳವರು ಜೀವರಕ್ಷಕ ಸಿಬ್ಬಂದಿಯಿರುವ ಕಡಲತೀರದ ಸಮೀಪ ತಂಗತಕ್ಕದ್ದು. ಹೊನ್ನಾವರ ತಾಲ್ಲೂಕಿನ ಕಾಸರಕೋಡು ಕಡಲತೀರಕ್ಕೆ 2020ರಲ್ಲಿ ‘ಬ್ಲೂ ಫ್ಲ್ಯಾಗ್’ ಮಾನ್ಯತೆ ದೊರೆತಿದ್ದು, ಜೀವರಕ್ಷಕರ ವ್ಯವಸ್ಥೆಯು ಸದರಿ ಮಾನ್ಯತೆಯ ಷರತ್ತುಗಳಲ್ಲಿ ಒಂದಾಗಿದೆ.

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಅಳಿವೆಯ ಸಮೀಪದ ಬಾವಿಗಳ ನೀರು ಉಪ್ಪಾಗುವುದುಂಟು. ಕುಡಿಯುವ ನೀರಿನ ವ್ಯವಸ್ಥೆಯನ್ನು ಮೊದಲೇ ವಿಚಾರಿಸುವುದು ಒಳ್ಳೆಯದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗುಡ್ಡದ ಬುಡದಲ್ಲಿ, ಕಡಿದಾದ ಧರೆಯ ಕೆಳಗೆ ಹಾಗೂ ನದಿಯ ಅಂಚಿನಲ್ಲಿರುವ ವಸತಿಗಳನ್ನು ಆಯ್ದುಕೊಳ್ಳಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ ಹಾಗೂ ವಾಹನಗಳು ಮಣ್ಣಿನ ಪಾಲಾದವು. ಕಾಣೆಯಾದವರ ಶೋಧ ಕಾರ್ಯವು ಸೆಪ್ಟೆಂಬರ್‌ವರೆಗೂ ನಡೆಯಿತು. ಮಳೆಗಾಲದಲ್ಲಿ ವಿದ್ಯುತ್ ಕಡಿತಗೊಂಡಾಗ ಮೊಬೈಲ್ ಸಂಪರ್ಕವೂ ತಪ್ಪುವ ಸಂಭವವಿರುವುದರಿಂದ, ಮಾಲೀಕರು ಸ್ಥಳದಲ್ಲಿಯೇ ವಾಸವಿರುವ ಮನೆಯು ಉತ್ತಮ.

3. ವಸತಿಯ ವಿಧಗಳು

(ಅ) ಹೋಂಸ್ಟೇ: ಮಾಲೀಕರ ಕುಟುಂಬವು ವಾಸವಿರುವ ಮನೆಯಲ್ಲಿ ಅತಿಥಿಗಳಿಗೆ ಕೊಠಡಿ ಹಾಗೂ ಊಟ ಒದಗಿಸುವ ವ್ಯವಸ್ಥೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಪತ್ರವನ್ನು ತೋರಿಸುವಂತೆ ಕೇಳಲು ಸಂಕೋಚ ಬೇಡ. ಮನೆಯವರಿಗೆ ಅಲೆಯ ಸೆಳೆತ, ಭರತ-ಇಳಿತದ ವೇಳೆ, ದೋಣಿಯ ವೇಳೆ ಎಲ್ಲವೂ ತಿಳಿದಿರುತ್ತದೆ. ಒಂಟಿಯಾಗಿ ಸಂಚರಿಸುವವರಿಗೆ ಈ ವಿಧವು ಹೆಚ್ಚು ಸೂಕ್ತವಾದುದು.

(ಆ) ಸರ್ಕಾರಿ ಸ್ವಾಮ್ಯದ ವಸತಿ: ಗೋಕರ್ಣದಲ್ಲಿ ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ಹೋಟೆಲ್ ಇದೆ. ಕಾರವಾರದ ದೇವಬಾಗದಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ತಂಗುದಾಣವಿದ್ದು, ಇದು ಮಿತವ್ಯಯದ ಪ್ರವಾಸಿಗರಿಗೆ ದುಬಾರಿಯಾಗಬಹುದು.

(ಇ) ಲೋಕೋಪಯೋಗಿ ಇಲಾಖೆಯ ಪ್ರವಾಸಿ ಮಂದಿರ: ಸರ್ಕಾರಿ ಕರ್ತವ್ಯದ ಮೇಲೆ ಬರುವವರಿಗೆ ಇಲ್ಲಿ ಆದ್ಯತೆ. ಕೊಠಡಿ ಖಾಲಿಯಿದ್ದಲ್ಲಿ ಮಾತ್ರ ಸಾರ್ವಜನಿಕರು ಸಂಬಂಧಪಟ್ಟ ಕಚೇರಿಯಿಂದ ಮುಂಚಿತ ಅನುಮತಿ ಪಡೆದು ತಂಗಬಹುದು. ನೀಡಿದ ಅನುಮತಿಯು ಕೊನೆಯ ಗಳಿಗೆಯಲ್ಲಿ ರದ್ದಾಗುವ ಸಾಧ್ಯತೆಯೂ ಇರುವುದರಿಂದ ಬದಲಿ ವ್ಯವಸ್ಥೆಯೊಂದು ಇರತಕ್ಕದ್ದು.

(ಈ) ಯಾತ್ರಿನಿವಾಸ ಹಾಗೂ ಛತ್ರಗಳು: ಕ್ಷೇತ್ರಗಳಲ್ಲಿ ಕಡಿಮೆ ದರಕ್ಕೆ ದೊರೆಯುತ್ತವೆ. ಬಾಗಿಲು ಮುಚ್ಚುವ ವೇಳೆ, ಆಹಾರ ಹಾಗೂ ಒಂಟಿ ವ್ಯಕ್ತಿಗಳಿಗೆ ಕೊಠಡಿ ನೀಡುವ ಬಗ್ಗೆ ಅವುಗಳದೇ ನಿಯಮಗಳಿರುತ್ತವೆ.

(ಉ) ಕಡಲತೀರದ ಗುಡಿಸಲುಗಳು: ಗೋಕರ್ಣದ ಕುಡ್ಲೆ, ಓಂ ಕಡಲತೀರಗಳ ಸುತ್ತಮುತ್ತ ಪ್ರಚಲಿತದಲ್ಲಿವೆ. ಬಾಗಿಲಿನ ಚಿಲಕ, ಸೊಳ್ಳೆ ಪರದೆ, ಶೌಚಾಲಯಕ್ಕೆ ಹೋಗುವ ದಾರಿಯ ದೀಪ, ಬೆಲೆಬಾಳುವ ವಸ್ತುಗಳನ್ನಿಡಲು ಭದ್ರ ಸ್ಥಳ ಇವುಗಳನ್ನು ಹಣ ಪಾವತಿಸುವ ಮೊದಲೇ ಪರಿಶೀಲಿಸಿರಿ. ಹಾಫ್‌ಮೂನ್ ಹಾಗೂ ಪ್ಯಾರಡೈಸ್ ಕಡಲತೀರಗಳಿಗೆ ವಾಹನದ ರಸ್ತೆಯಿಲ್ಲ. ಅಲ್ಲಿ ಯಾರಾದರೂ ಅಸ್ವಸ್ಥರಾದಲ್ಲಿ ಹೊತ್ತು ತರಬೇಕು ಅಥವಾ ದೋಣಿಯನ್ನು ಕಾಯಬೇಕು ಎಂಬುದು ನೆನಪಿರಲಿ.

4. ತಂಗಬಾರದ ಸ್ಥಳಗಳು

ಅರಣ್ಯ ಪ್ರದೇಶದಲ್ಲಿ ಅನುಮತಿಯಿಲ್ಲದೆ ಗುಡಾರ ಹಾಕುವುದು, ನಿರ್ಜನ ಕಡಲತೀರ, ಬಂಡೆಗಳ ಸಂದು ಹಾಗೂ ಗುಹೆಗಳಲ್ಲಿ ರಾತ್ರಿ ಕಳೆಯುವುದು ಸಲ್ಲದು. 2025ರ ಜುಲೈನಲ್ಲಿ ಗೋಕರ್ಣದ ರಾಮತೀರ್ಥ ಬೆಟ್ಟದ ಗುಹೆಯೊಂದರಲ್ಲಿ ವಾಸವಿದ್ದ ವಿದೇಶಿ ಮಹಿಳೆ ಹಾಗೂ ಅವರ ಇಬ್ಬರು ಹೆಣ್ಣುಮಕ್ಕಳನ್ನು ಗಸ್ತಿನಲ್ಲಿದ್ದ ಪೊಲೀಸರು ಪತ್ತೆಮಾಡಿ ಸುರಕ್ಷಿತವಾಗಿ ಕೆಳಗೆ ಕರೆತಂದರು. ಗಸ್ತು ಆ ದಾರಿಯಲ್ಲಿ ಹೋಗಿರದಿದ್ದರೆ, ಮಳೆಗೆ ಗುಡ್ಡ ಜರಿದರೂ ಅಲ್ಲಿ ಮೂವರಿದ್ದರೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

5. ಅತಿಥಿಗಳ ನೋಂದಣಿ ಪುಸ್ತಕ

ತಂಗುದಾಣದ ನೋಂದಣಿ ಪುಸ್ತಕದಲ್ಲಿ ವಿವರ ಬರೆಯುವುದನ್ನು ಅನೇಕರು ಕೇವಲ ಔಪಚಾರಿಕವೆಂದು ಭಾವಿಸಿ, ಅಪೂರ್ಣ ವಿಳಾಸ ಅಥವಾ ಚಾಲ್ತಿಯಲ್ಲಿಲ್ಲದ ದೂರವಾಣಿ ಸಂಖ್ಯೆಯನ್ನು ನಮೂದಿಸುತ್ತಾರೆ. ವ್ಯಕ್ತಿಯೊಬ್ಬರು ಕಾಣೆಯಾದಾಗ ಪೊಲೀಸರು ಮೊದಲು ನೋಡುವುದು ಆ ಪುಟವನ್ನೇ. ಆ ಸಾಲು ಸರಿಯಾಗಿದ್ದರೆ ಮನೆಯವರಿಗೆ ಅದೇ ದಿನ ಸುದ್ದಿ ಮುಟ್ಟುತ್ತದೆ. ಆದುದರಿಂದ ಮನೆಯವರ ದೂರವಾಣಿ ಸಂಖ್ಯೆ ಹಾಗೂ ಮುಂದೆ ಹೋಗಲಿರುವ ಊರಿನ ಹೆಸರನ್ನು ಸ್ಪಷ್ಟವಾಗಿ ಬರೆಯುವುದು. ಪುಸ್ತಕವನ್ನೇ ಇಡದ ಸ್ಥಳವು ಅಗ್ಗವಾಗಿದ್ದರೂ ಆಯ್ದುಕೊಳ್ಳಬಾರದು.

ಗುರುತಿಗಾಗಿ ಆಧಾರ್, ಮತದಾರರ ಗುರುತಿನ ಚೀಟಿ, ಚಾಲನಾ ಪರವಾನಗಿ ಅಥವಾ ಪಾಸ್‌ಪೋರ್ಟ್ ಪೈಕಿ ಒಂದನ್ನು ತೋರಿಸಬಹುದು. ಪ್ಯಾನ್ ಕಾರ್ಡಿನಲ್ಲಿ ವಿಳಾಸವಿರುವುದಿಲ್ಲ. ಆಧಾರ್ ಪ್ರತಿ ನೀಡುವವರು ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಪ್ರತಿಯನ್ನು ನೀಡಬಹುದಾಗಿದೆ. ವಿದೇಶಿ ಅತಿಥಿಗಳ ವಿವರವನ್ನು ಮಾಲೀಕರು 24 ಗಂಟೆಗಳೊಳಗೆ ಸಂಬಂಧಪಟ್ಟ ನೋಂದಣಾಧಿಕಾರಿಗೆ ಸಲ್ಲಿಸುವುದು ಕಡ್ಡಾಯ.

6. ಬಾಡಿಗೆ, ತೆರಿಗೆ ಹಾಗೂ ರಶೀದಿ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ ರೂ. 7,500ರವರೆಗಿನ ಕೊಠಡಿ ಬಾಡಿಗೆಗೆ ಜಿ.ಎಸ್.ಟಿ. ದರವು ಶೇ. 5 ಆಗಿರುತ್ತದೆ. ಜಿ.ಎಸ್.ಟಿ. ನೋಂದಣಿಯಿಲ್ಲದ ಮಾಲೀಕರು ಬಾಡಿಗೆಯ ಮೇಲೆ ತೆರಿಗೆಯೆಂದು ಪ್ರತ್ಯೇಕ ಮೊತ್ತ ವಸೂಲು ಮಾಡುವಂತಿಲ್ಲ. ಅಂತರಜಾಲದ ಮಧ್ಯವರ್ತಿ ಸಂಸ್ಥೆಯ ಮೂಲಕ ಕಾಯ್ದಿರಿಸಿದಲ್ಲಿ ಆ ಸಂಸ್ಥೆಯೇ ತೆರಿಗೆ ವಿಧಿಸಬಹುದು. ಊಟ, ಬಿಸಿನೀರು ಹಾಗೂ ಹೆಚ್ಚುವರಿ ಹಾಸಿಗೆ ಬಾಡಿಗೆಯಲ್ಲಿ ಸೇರಿದೆಯೇ, ಮುಂಗಡ ಹಣ ಯಾವ ಸಂದರ್ಭದಲ್ಲಿ ಮರಳಿ ದೊರೆಯುತ್ತದೆ ಎಂಬುದನ್ನು ಬರಹದಲ್ಲಿ ಪಡೆದುಕೊಂಡು ರಶೀದಿಯನ್ನು ಇಟ್ಟುಕೊಳ್ಳಬೇಕು.

7. ದೂರು ಹಾಗೂ ತುರ್ತು ಸಂಪರ್ಕ

ಬಾಡಿಗೆ ಅಥವಾ ಸೇವೆಯ ಬಗ್ಗೆ ದೂರುಗಳಿದ್ದಲ್ಲಿ ರಶೀದಿಯ ಪ್ರತಿಯೊಂದಿಗೆ ಕಾರವಾರದಲ್ಲಿರುವ ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಗೆ ಬರೆಯಬಹುದು ಅಥವಾ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ 112ಕ್ಕೆ, ಸಮುದ್ರದಲ್ಲಿ ಅಪಾಯ ಒದಗಿದಲ್ಲಿ ಕರಾವಳಿ ರಕ್ಷಣಾ ಪಡೆಯ 1554ಕ್ಕೆ ಕರೆ ಮಾಡುವುದು.

ಬೆಳಿಗ್ಗೆ ಹೊರಡುವ ಮುನ್ನ ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಹೊತ್ತಿಗೆ ಮರಳುತ್ತೀರಿ ಎಂಬುದನ್ನು ತಂಗುದಾಣದವರಿಗೆ ತಿಳಿಸಿ ಹೊರಡಬೇಕೆಂದು ಪ್ರವಾಸಿಗರನ್ನು ಕೋರಲಾಗಿದೆ.