ಮಾಸ್ಸಿ ಗ್ರಾಮದ ಹಣ್ಣಿನ ಕಾರ್ಖಾನೆ

ಹಣ್ಣಿಗೆ ಋತುವುಂಟು, ಹಸಿವಿಗೆ ಋತುವಿಲ್ಲ. ಮಾವಿನ ಸುಗ್ಗಿಯಲ್ಲಿ ಸಂತೆಯ ತುಂಬ ಹಣ್ಣಿನ ರಾಶಿ ಬೀಳುತ್ತದೆ. ಕೊಳ್ಳುವವರಿಲ್ಲದೆ ಕೊಳೆತು ತಿಪ್ಪೆ ಸೇರುವುದೂ ಉಂಟು. ಕೆಲವು ತಿಂಗಳು ಕಳೆದರೆ ಅದೇ ಹಣ್ಣು ಹುಡುಕಿದರೂ ದೊರೆಯದು. ಈ ತೊಡಕಿಗೆ ಮಾನವನು ಪ್ರಾಚೀನ ಕಾಲದಿಂದಲೂ ಪರಿಹಾರ ಹುಡುಕುತ್ತ ಬಂದಿದ್ದಾನೆ. ಬಿಸಿಲಿನಲ್ಲಿ ಒಣಗಿಸುವುದು, ಉಪ್ಪಿನಲ್ಲಿ ಊರಿಸುವುದು, ಸಕ್ಕರೆಯ ಪಾಕದಲ್ಲಿ ಅದ್ದಿಡುವುದು, ಹೊಗೆಗೆ ಒಡ್ಡುವುದು ಇವೆಲ್ಲ ಅಂಥ ಉಪಾಯಗಳು. ನಮ್ಮ ಮನೆಗಳ ಉಪ್ಪಿನಕಾಯಿಯ ಜಾಡಿಯೂ ಮಾವಿನ ಹಣ್ಣಿನ ಹಪ್ಪಳವೂ ಈ ಪರಂಪರೆಗೆ ಸೇರಿದವು. ಆದರೆ ಇವುಗಳಲ್ಲೆಲ್ಲ ಒಂದು ಕೊರತೆಯಿದೆ. ಪದಾರ್ಥವೇನೋ ಉಳಿಯುತ್ತದೆ, ಅದರ ಸಹಜ ರುಚಿ ಉಳಿಯುವುದಿಲ್ಲ. ಉಪ್ಪಿನಲ್ಲಿ ಊರಿದ್ದು ಉಪ್ಪಾಗುತ್ತದೆ, ಪಾಕದಲ್ಲಿ ಅದ್ದಿದ್ದು ಸಿಹಿಯಾಗುತ್ತದೆ.

ಹಣ್ಣನ್ನು ಹಣ್ಣಾಗಿಯೇ, ತರಕಾರಿಯನ್ನು ತರಕಾರಿಯಾಗಿಯೇ ವರ್ಷಗಟ್ಟಲೆ ಕಾಪಾಡುವ ವಿಧಾನವನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ಯಾವ ವಿಶ್ವವಿದ್ಯಾನಿಲಯವೂ ಅಲ್ಲ. ಫ್ರಾನ್ಸ್ ದೇಶದಲ್ಲಿ, ಪ್ಯಾರಿಸ್ ನಗರದ ದಕ್ಷಿಣಕ್ಕಿರುವ ಮಾಸ್ಸಿ ಎಂಬ ಊರಿನ ಒಂದು ಸಣ್ಣ ಕಾರ್ಖಾನೆಯಲ್ಲಿ, ಒಬ್ಬ ಮಿಠಾಯಿಗಾರನ ಕೈಯಲ್ಲಿ ಈ ವಿದ್ಯೆ ರೂಪುಗೊಂಡಿತು. ಆತನ ಹೆಸರು ನಿಕೋಲಾ ಅಪೇರ್. ಇಂಗ್ಲಿಷ್ ಪುಸ್ತಕಗಳ ಮೂಲಕ ನಮ್ಮಲ್ಲಿ ಅಪರ್ಟ್ ಎಂದು ಪರಿಚಿತನಾದವನು ಈತನೇ.

ಮಿಠಾಯಿಗಾರನ ಪ್ರಯೋಗ

ಅಪೇರ್ ಹುಟ್ಟಿದ್ದು 1749ರ ನವೆಂಬರಿನಲ್ಲಿ, ಶಾಂಪೇನ್ ಪ್ರಾಂತದ ಶಾಲೋಂ ಪಟ್ಟಣದಲ್ಲಿ. ತಂದೆ ಪ್ರಯಾಣಿಕರಿಗಾಗಿ ಒಂದು ವಸತಿಗೃಹ ನಡೆಸುತ್ತಿದ್ದ. ಅಡುಗೆಮನೆ, ಮದ್ಯದ ಪೀಪಾಯಿ, ಉಗ್ರಾಣ ಇವುಗಳ ನಡುವೆಯೇ ಬಾಲಕ ಬೆಳೆದ. ಪ್ರಾಯಕ್ಕೆ ಬಂದ ಮೇಲೆ ಜರ್ಮನ್ ಸೀಮೆಯ ಒಂದು ಅರಮನೆಯಲ್ಲಿ ಪಾಕಶಾಲೆಯ ಸೇವೆಗೆ ನಿಂತ. ಅನಂತರ, 1784ರ ಸುಮಾರಿಗೆ, ಪ್ಯಾರಿಸಿನಲ್ಲಿ ಮಿಠಾಯಿ ಅಂಗಡಿ ತೆರೆದ. ಹಣ್ಣನ್ನು ಸಕ್ಕರೆಯಲ್ಲಿ ಕಾಪಿಡುವ ಕಸುಬು ಆತನಿಗೆ ಕರಗತವಾಗಿತ್ತು. ಆದರೆ ಸಕ್ಕರೆ ದುಬಾರಿ. ಅದು ಹಣ್ಣಿನ ರುಚಿಯನ್ನು ಮುಚ್ಚಿಬಿಡುತ್ತದೆ ಎಂಬ ಅತೃಪ್ತಿಯೂ ಆತನನ್ನು ಕಾಡುತ್ತಿತ್ತು. ಈ ಅತೃಪ್ತಿಯೇ ಪ್ರಯೋಗಗಳಿಗೆ ಮೂಲವಾಯಿತು. ನಡುವೆ ಫ್ರಾನ್ಸಿನ ಮಹಾಕ್ರಾಂತಿ ಬಂದಿತು. 1794ರಲ್ಲಿ ಆತ ಕೆಲಕಾಲ ಸೆರೆಮನೆಯನ್ನೂ ಕಾಣಬೇಕಾಯಿತು. ಬಿಡುಗಡೆಯ ಬಳಿಕ ಅಂಗಡಿಯ ಗದ್ದಲದಿಂದ ದೂರ ಸರಿದು ಪ್ರಯೋಗಕ್ಕೆ ತೊಡಗಿದ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಮಾಸ್ಸಿಯಲ್ಲಿ ಕಾರ್ಖಾನೆ ಸ್ಥಾಪಿಸಿದ.

ಕಾರ್ಖಾನೆ ಎಂದೊಡನೆ ದೊಡ್ಡ ಯಂತ್ರಗಳನ್ನೂ ಹೊಗೆಯ ಕೊಳವೆಗಳನ್ನೂ ಊಹಿಸಿಕೊಳ್ಳಬೇಕಾಗಿಲ್ಲ. ಬಟಾಣಿ, ಹುರುಳಿಕಾಯಿ ಬೆಳೆಯುವ ಹೊಲ, ಅದಕ್ಕೆ ತಾಗಿದಂತೆ ಕೆಲಸದ ಕೊಠಡಿಗಳು, ಒಲೆಯ ಮೇಲೆ ಕುದಿಯುವ ನೀರಿನ ಹಂಡೆಗಳು, ಸುಗ್ಗಿಯ ಕಾಲದಲ್ಲಿ ಸಿಪ್ಪೆ ಬಿಡಿಸುವ ಹತ್ತಾರು ಮಂದಿ ಕೆಲಸಗಾರ್ತಿಯರು, ಇಷ್ಟೇ ಅದರ ಸಂಪತ್ತು. ಕಿತ್ತ ಹಣ್ಣು ಬಾಡುವ ಮೊದಲೇ ಸೀಸೆ ಸೇರಬೇಕೆಂಬುದು ಅಪೇರನ ನಿಯಮವಾಗಿತ್ತು. ತೋಟಕ್ಕೂ ಒಲೆಗೂ ನಡುವೆ ಅಂತರವಿರದಂತೆ ಕಾರ್ಖಾನೆಯನ್ನು ಗ್ರಾಮದಲ್ಲಿ ನೆಲೆಗೊಳಿಸಿದ್ದರ ಔಚಿತ್ಯ ಇದರಿಂದ ತಿಳಿಯುತ್ತದೆ.

ವಿಧಾನ ನೋಡುವುದಕ್ಕೆ ಸರಳವಾಗಿತ್ತು. ಚೆನ್ನಾಗಿ ಬಲಿತು ಹಣ್ಣಾಗಿಯೂ ಗಟ್ಟಿತನ ಕಳೆಯದ ಜರ್ದಾಳು, ಪೀಚು, ಚೆರ್ರಿ ಮುಂತಾದ ಹಣ್ಣುಗಳನ್ನು ದಪ್ಪ ಗಾಜಿನ, ಅಗಲ ಬಾಯಿಯ ಸೀಸೆಗಳಿಗೆ ತುಂಬುವುದು. ಬೆಂಡಿನ ಬಿರಡೆಯನ್ನು ಬಲವಾಗಿ ಹೊಡೆದು ತಂತಿಯಿಂದ ಬಿಗಿಯುವುದು. ಒಡೆದರೆ ಅಪಾಯವಾಗದಂತೆ ಪ್ರತಿ ಸೀಸೆಯನ್ನೂ ಬಟ್ಟೆಯ ಚೀಲದಲ್ಲಿಟ್ಟು ಹಂಡೆಯ ನೀರಿನಲ್ಲಿ ನಿಲ್ಲಿಸಿ ಕುದಿಸುವುದು. ಕುದಿಸುವ ಕಾಲ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ. ಹಣ್ಣುಗಳಿಗೆ ನೀರು ಕುದಿ ಬಂದರೆ ಬಹುಮಟ್ಟಿಗೆ ಸಾಕು. ಬಟಾಣಿಗೆ ಒಂದೂವರೆ ಗಂಟೆಗೂ ಮಿಕ್ಕಿದ ಕಾಲ ಬೇಕು. ಈ ಲೆಕ್ಕ ಯಾವ ಗ್ರಂಥದಲ್ಲಿಯೂ ಇರಲಿಲ್ಲ. ವರ್ಷಗಳ ಕಾಲ ಕುದಿಸಿ, ಕಾದು, ತೆರೆದು ನೋಡಿ, ಕೆಟ್ಟದ್ದನ್ನು ಚೆಲ್ಲಿ, ಮತ್ತೆ ಕುದಿಸಿ ಅಪೇರ್ ಅದನ್ನು ಕಂಡುಕೊಂಡನು.

ಗುಟ್ಟನ್ನು ಬಿಟ್ಟುಕೊಟ್ಟ ವರ್ಷ

1803ರಲ್ಲಿ ಬ್ರೆಸ್ಟ್ ಬಂದರಿನಲ್ಲಿ ಫ್ರೆಂಚ್ ನೌಕಾಪಡೆ ಈ ಸೀಸೆಗಳನ್ನು ಪರೀಕ್ಷಿಸಿತು. ಮೂರು ತಿಂಗಳ ಅನಂತರ ತೆರೆದಾಗ ಮಾಂಸದ ಸಾರು, ಬಟಾಣಿ, ಹುರುಳಿಕಾಯಿಗಳು ಕೆಡದೆ ಉಳಿದಿದ್ದವು. ಉಪ್ಪುಮಾಂಸ, ಒಣರೊಟ್ಟಿಗಳನ್ನೇ ತಿಂಗಳುಗಟ್ಟಲೆ ತಿಂದು ರೋಗಕ್ಕೆ ತುತ್ತಾಗುತ್ತಿದ್ದ ನಾವಿಕರಿಗೆ ಇದರ ಬೆಲೆಯೇನೆಂಬುದನ್ನು ವಿವರಿಸಬೇಕಾಗಿಲ್ಲ. 1809ರಲ್ಲಿ ಉದ್ಯಮಗಳ ಪ್ರೋತ್ಸಾಹಕ್ಕಾಗಿ ಸ್ಥಾಪಿತವಾಗಿದ್ದ ಫ್ರೆಂಚ್ ಸಂಸ್ಥೆಯ ವಿದ್ವಾಂಸರು ಪದಾರ್ಥಗಳನ್ನು ಪರಿಶೀಲಿಸಿ ಮೆಚ್ಚುಗೆಯ ವರದಿ ನೀಡಿದರು.

ಆಗ ಸರ್ಕಾರ ಅಪೇರನ ಮುಂದೆ ಎರಡು ದಾರಿಗಳನ್ನಿಟ್ಟಿತು. ಒಂದು, ಪೇಟೆಂಟ್ ಪಡೆದು ಏಕಸ್ವಾಮ್ಯದಿಂದ ವ್ಯಾಪಾರ ನಡೆಸುವುದು. ಇನ್ನೊಂದು, 12,000 ಫ್ರಾಂಕುಗಳ ಗೌರವಧನ ಪಡೆದು, ತನ್ನ ವಿಧಾನವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ 200 ಪ್ರತಿಗಳನ್ನು ಸರ್ಕಾರಕ್ಕೆ ಒಪ್ಪಿಸುವುದು. ಅಪೇರ್ ಎರಡನೆಯದನ್ನು ಆರಿಸಿಕೊಂಡನು. 1810ರಲ್ಲಿ ಆತನ ಗ್ರಂಥ ಪ್ರಕಟವಾಯಿತು. ಅದರಲ್ಲಿ ಯಾವ ಮರೆಮಾಚುವಿಕೆಯೂ ಇರಲಿಲ್ಲ. ಓದಬಲ್ಲ ಯಾವ ಗೃಹಿಣಿಯೂ ತನ್ನ ಅಡುಗೆಮನೆಯಲ್ಲಿ ಮಾಡಿನೋಡಬಹುದಾದಷ್ಟು ವಿವರವಿತ್ತು.

ಆದರೆ ಬಿಟ್ಟುಕೊಟ್ಟ ಗುಟ್ಟು ಕೊಟ್ಟವನಿಗಿಂತ ಪಡೆದವರಿಗೆ ಹೆಚ್ಚು ಲಾಭ ತಂದಿತು. ಅದೇ 1810ರಲ್ಲಿ ಲಂಡನ್ನಿನ ಪೀಟರ್ ಡ್ಯುರಾಂಡ್ ಎಂಬ ವರ್ತಕ, ಗಾಜಲ್ಲದೆ ತಗಡಿನ ಪಾತ್ರೆಗಳನ್ನೂ ಒಳಗೊಂಡ ಇಂಥದೇ ವಿಧಾನಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದನು. ಆ ಹಕ್ಕನ್ನು ಕೊಂಡ ಬ್ರಯನ್ ಡಾಂಕಿನ್ ಮತ್ತು ಆತನ ಪಾಲುದಾರರು 1813ರ ಹೊತ್ತಿಗೆ ಬ್ರಿಟಿಷ್ ನೌಕಾಪಡೆಗೆ ಡಬ್ಬಿಗಳನ್ನು ಒದಗಿಸತೊಡಗಿದರು. ಇತ್ತ ಮಾಸ್ಸಿಗೆ ದುರ್ದಿನ ಬಂದಿತು. 1814ರಲ್ಲಿ ನೆಪೋಲಿಯನ್ನನ ವಿರುದ್ಧ ಒಂದಾದ ದೇಶಗಳ ಸೈನ್ಯಗಳು ಫ್ರಾನ್ಸಿಗೆ ನುಗ್ಗಿದಾಗ ಕಾರ್ಖಾನೆ ಹಾಳಾಯಿತು. ಸೈನಿಕರ ಹಸಿವನ್ನು ನೀಗಿಸಬಲ್ಲ ವಿದ್ಯೆ ಸೈನಿಕರ ದಾಳಿಯಿಂದಲೇ ನೆಲೆ ಕಳೆದುಕೊಂಡಿತು. ಅರವತ್ತೈದರ ಹತ್ತಿರದ ಪ್ರಾಯದಲ್ಲಿಯೂ ಅಪೇರ್ ಎದೆಗುಂದಲಿಲ್ಲ. ಪ್ಯಾರಿಸಿನಲ್ಲಿ ಮತ್ತೆ ಕೆಲಸ ಆರಂಭಿಸಿ, ತಗಡಿನ ಡಬ್ಬಿಗಳನ್ನೂ ಅಳವಡಿಸಿಕೊಂಡನು. 1822ರಲ್ಲಿ ಮಾನವಕುಲದ ಉಪಕಾರಿ ಎಂಬ ಬಿರುದು ದೊರೆಯಿತು, ಸಿರಿ ದೊರೆಯಲಿಲ್ಲ. 1841ರ ಜೂನ್ ತಿಂಗಳಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಆತ ಮಾಸ್ಸಿಯಲ್ಲಿ ಬಡವನಾಗಿಯೇ ತೀರಿಕೊಂಡನು. ಬಡವರಿಗೆ ಮೀಸಲಾದ ಸಾಮೂಹಿಕ ಸಮಾಧಿಯಲ್ಲಿ ಆತನ ಅಂತ್ಯಕ್ರಿಯೆ ನಡೆಯಿತು.

ಕೆಡದಿರುವುದೇಕೆ?

ಸೀಸೆಯೊಳಗಿನ ಹಣ್ಣು ಏಕೆ ಕೆಡುವುದಿಲ್ಲ ಎಂಬ ಪ್ರಶ್ನೆಗೆ ಅಪೇರನಲ್ಲಿ ನಿಜವಾದ ಉತ್ತರವಿರಲಿಲ್ಲ. ಅಂದಿನ ಪ್ರಸಿದ್ಧ ರಸಾಯನಶಾಸ್ತ್ರಜ್ಞ ಗೇ ಲ್ಯುಸಾಕ್, ಒಳಗಿನ ಆಮ್ಲಜನಕ ಇಲ್ಲವಾಗುವುದೇ ಕಾರಣವೆಂದು ಹೇಳಿದನು. ಅದು ತಪ್ಪೆಂದು ತಿಳಿಯಲು ಅರ್ಧ ಶತಮಾನ ಬೇಕಾಯಿತು. 1860ರ ದಶಕದಲ್ಲಿ ಲೂಯಿ ಪಾಶ್ಚರ್, ಆಹಾರವನ್ನು ಹುಳಿಸುವ ಮತ್ತು ಕೊಳೆಯಿಸುವ ಕೆಲಸ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳದೆಂದು ಸಿದ್ಧಪಡಿಸಿದನು. ತನಗಿಂತ ಮೊದಲೇ ಈ ದಾರಿ ತುಳಿದಿದ್ದ ಅಪೇರನನ್ನು ಸ್ಮರಿಸಿದನು. ಶಾಖವು ಒಳಗಿನ ಜೀವಿಗಳನ್ನು ಕೊಲ್ಲುತ್ತದೆ. ಬಿಗಿಯಾದ ಮುಚ್ಚಳವು ಹೊರಗಿನವು ಬಾರದಂತೆ ತಡೆಯುತ್ತದೆ. ಇವೆರಡರಲ್ಲಿ ಒಂದು ತಪ್ಪಿದರೂ ಪದಾರ್ಥ ಉಳಿಯದು.

ಹಣ್ಣಿಗೆ ಅಲ್ಪ ಶಾಖ ಸಾಕಾಗುವ ಕಾರಣವೂ ಈಗ ಸ್ಪಷ್ಟವಾಗಿದೆ. ಡಬ್ಬಿಯ ಆಹಾರದಲ್ಲಿ ಅತ್ಯಂತ ಭಯಂಕರವಾದದ್ದು ಕ್ಲಾಸ್ಟ್ರೀಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯ. ಅದರ ಬೀಜಕಗಳು ಕುದಿಯುವ ನೀರಿನಲ್ಲಿಯೂ ಬದುಕಿ ಉಳಿಯಬಲ್ಲವು. ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳೆದು ಪ್ರಾಣಾಂತಿಕ ವಿಷವನ್ನು ಉತ್ಪಾದಿಸಬಲ್ಲವು. ಆದರೆ ಹುಳಿ ಸಾಕಷ್ಟಿರುವಲ್ಲಿ, ಅಂದರೆ ಪಿಎಚ್ ಪ್ರಮಾಣ 4.6ಕ್ಕಿಂತ ಕಡಿಮೆ ಇರುವಲ್ಲಿ, ಅದು ಬೆಳೆಯಲಾರದು. ಅನಾನಸು, ಕಿತ್ತಳೆ ಮುಂತಾದ ಹಣ್ಣುಗಳು ಈ ಮೇರೆಯೊಳಗಿವೆ. ಬಟಾಣಿ, ಹುರುಳಿಕಾಯಿಗಳು ಇದರಾಚೆಗಿವೆ. ಆದ್ದರಿಂದ ಅವನ್ನು ಒತ್ತಡದ ಪಾತ್ರೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸಂಸ್ಕರಿಸುವುದು ವಾಡಿಕೆ. ಪರಂಗಿಯಂಥ ಹುಳಿ ಕಡಿಮೆಯ ಹಣ್ಣಿಗೆ ಸಿಟ್ರಿಕ್ ಆಮ್ಲ ಬೆರೆಸುವುದು ರುಚಿಗಷ್ಟೇ ಅಲ್ಲ, ರಕ್ಷಣೆಗೂ ಹೌದು. ಉಬ್ಬಿದ ಡಬ್ಬಿಯನ್ನು ತೆರೆಯದೆ ಎಸೆಯಬೇಕೆಂಬ ಎಚ್ಚರಿಕೆಯ ಹಿಂದೆಯೂ ಇದೇ ತತ್ತ್ವವಿದೆ. ಒಳಗೆ ಜೀವಿಗಳು ಬೆಳೆದು ಅನಿಲ ಹೊಮ್ಮಿರುವುದರ ಸೂಚನೆ ಅದಾಗಿರಬಹುದು.

ಈ ವಿದ್ಯೆಯ ಒಂದು ಕವಲು ನಮ್ಮ ನಾಡಿನಲ್ಲಿಯೂ ಬೇರೂರಿದೆ. 1950ರ ಅಕ್ಟೋಬರ್ 21ರಂದು ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ನಮ್ಮ ಹಣ್ಣು ತರಕಾರಿಗಳಿಗೆ ಎಷ್ಟು ಶಾಖ, ಎಷ್ಟು ಹೊತ್ತು, ಎಂಥ ಪಾಕ ಎಂಬ ವಿಷಯಗಳನ್ನು ಕುರಿತ ಸಂಶೋಧನೆ ಅಲ್ಲಿ ನಡೆಯಿತು. ಮಾಸ್ಸಿಯ ಹಂಡೆಯ ಬಳಿ ಒಬ್ಬನೇ ಕುಳಿತು ಕೇಳಿದ ಪ್ರಶ್ನೆಗಳೇ ಇವು. 1955ರ ಹಣ್ಣಿನ ಪದಾರ್ಥಗಳ ಆದೇಶ ಇಂಥ ಕಾರ್ಖಾನೆಗಳ ಶುಚಿತ್ವಕ್ಕೂ ಗುಣಮಟ್ಟಕ್ಕೂ ಕಟ್ಟುಪಾಡು ವಿಧಿಸಿತು; ಮುಂದೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಅದರ ಸ್ಥಾನಕ್ಕೆ ಬಂದಿತು.

ಮಾಸ್ಸಿಯ ಕಾರ್ಖಾನೆ ಬಾಳಿದ್ದು ಕೆಲವೇ ವರ್ಷಗಳು. ಆದರೆ ಅಲ್ಲಿ ಕಲಿತದ್ದನ್ನು ಪುಸ್ತಕದಲ್ಲಿ ಬರೆದಿಟ್ಟದ್ದರಿಂದ ಕಟ್ಟಡ ಬಿದ್ದರೂ ವಿದ್ಯೆ ಬೀಳಲಿಲ್ಲ. ಅಪೇರ್ ಗುಟ್ಟನ್ನು ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದರೆ 1814ರ ದಾಳಿಯಲ್ಲಿ ಅದೂ ಸೀಸೆಗಳೊಡನೆ ಪುಡಿಯಾಗುತ್ತಿತ್ತೋ ಏನೋ. ಹಣ್ಣನ್ನು ಕಾಪಾಡಲು ಮುಚ್ಚಳವನ್ನು ಬಿಗಿಯಬೇಕು. ವಿದ್ಯೆಯನ್ನು ಕಾಪಾಡಲು ಅದನ್ನು ತೆರೆದಿಡಬೇಕು. ಮಾಸ್ಸಿಯ ಮಿಠಾಯಿಗಾರನಿಗೆ ಈ ಎರಡೂ ತಿಳಿದಿದ್ದವು.