ಕವಚದೊಳಗಿನ ಚೈನು

ಜಾವಾ ಓಡಿಸುವವರು ಕಾರ್ಬುರೇಟರಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಪಾಯಿಂಟು, ಪ್ಲಗ್ಗು, ಸೈಲೆನ್ಸರಿನ ಸದ್ದು ಎಲ್ಲಕ್ಕೂ ಒಂದೊಂದು ಪುರಾಣವಿದೆ. ಚೈನಿನ ಮಾತೆತ್ತಿದರೆ ಮಾತ್ರ ಮುಖ ಮುಖ ನೋಡುತ್ತಾರೆ. ಪಾಪ, ಅವರಾದರೂ ಏನು ಮಾಡಿಯಾರು? ಎಂಜಿನ್ನಿನಿಂದ ಹೊರಟ ಚೈನು ಎರಡು ಕಪ್ಪು ರಬ್ಬರ್ ಕೊಳವೆಗಳಲ್ಲಿ ನುಸುಳಿ, ಹಿಂಚಕ್ರದ ಬಳಿ ತಗಡಿನ ಕವಚದೊಳಗೆ ಸುತ್ತು ಹಾಕಿ ಹಾಗೇ ಮರಳುತ್ತದೆ. ಧೂಳು ತಾಗದು, ಮಳೆನೀರು ಸೋಕದು, ಹಿಂದೆ ಕೂತವರ ಸೀರೆ ಸೆರಗು ಸಿಕ್ಕಿಕೊಳ್ಳದು. ಬಯಲಲ್ಲಿ ಓಡುವ ಚೈನಿಗಿಂತ ಇದು ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಆದರೆ ಬದಲಿಸುವ ದಿನ ಬಂತೆಂದರೆ ಮಾತ್ರ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಮೈಸೂರಿನ ಈ ಗ್ಯಾರೇಜಿನಲ್ಲಿ ಇವತ್ತು ಆ ಸರದಿ ಬಂದಿರುವುದು ಅರವತ್ತರ ದಶಕದ ಒಂದು ಜಾವಾ 250ಕ್ಕೆ. ಮೆರೂನ್ ಬಣ್ಣ, ಟ್ಯಾಂಕಿನ ಎರಡೂ ಪಕ್ಕ ಕ್ರೋಮ್, ಕಿಕ್ಕರ್ ಮತ್ತು ಗೇರಿಗೆ ಒಂದೇ ಲಿವರ್. ಇದೇ ಊರಿನ ಯಾದವಗಿರಿಯಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಕೂಸು. ಕಾರ್ಖಾನೆ ಹೋದರೂ ಅದರ ಗಾಡಿ ಬಿಚ್ಚಿ ಜೋಡಿಸುವ ಕೈಗಳು ಊರಲ್ಲಿ ಇನ್ನೂ ಉಳಿದಿವೆ.

ಮೇಸ್ತ್ರಿ ಮೊದಲು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿಗೆ ಎತ್ತಿ ಹಿಂಚಕ್ರ ಬಿಚ್ಚುತ್ತಾರೆ. ಆಕ್ಸಲ್ ಎಳೆದರೆ ಚಕ್ರವಷ್ಟೇ ಕೈಗೆ ಬರುತ್ತದೆ. ಹಲ್ಲುಚಕ್ರ, ಚೈನು, ಕವಚ ಎಲ್ಲ ಇದ್ದಲ್ಲೇ ಇರುತ್ತವೆ. ಪಂಕ್ಚರ್ ಆದ ದಾರಿಯಲ್ಲಿ ಕೈಗೆ ಗ್ರೀಸ್ ಮೆತ್ತದಿರಲಿ ಎಂದು ಯೋಚಿಸಿದ ಎಂಜಿನಿಯರಿಗೆ ನಾನಂತೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಕವಚ ಬಿಚ್ಚಿದಾಗ ಒಳಗೆ ಕಾಣುವುದು ಕಪ್ಪಗೆ ಗಟ್ಟಿಯಾದ ಗ್ರೀಸಿನ ಮುದ್ದೆ. ಮೇಸ್ತ್ರಿ ಸ್ಕ್ರೂಡ್ರೈವರಿನಿಂದ ಅದನ್ನು ಕೆರೆದು ಹಲ್ಲುಗಳ ಮೇಲೆ ಬೆರಳಾಡಿಸುತ್ತಾರೆ. ತುದಿಗಳು ಒಂದೇ ಕಡೆಗೆ ಕೊಕ್ಕೆಯಾಗಿ ಬಾಗಿವೆ. "ಇದೂ ಹೋಗ್ಬೇಕು. ಹಳೇ ಸ್ಪ್ರಾಕೆಟ್‌ಗೆ ಹೊಸ ಚೈನ್ ಹಾಕಿದ್ರೆ ಚೈನ್ ದುಡ್ಡೂ ದಂಡ." ಗಾಡಿ ಮಾಲೀಕರ ಮುಖ ಸ್ವಲ್ಪ ಬಾಡುತ್ತದೆ.

ಚೈನು 'ಉದ್ದ ಆಗಿದೆ' ಎನ್ನುತ್ತೇವಲ್ಲ, ಉಕ್ಕಿನ ಪಟ್ಟಿ ಹಿಗ್ಗಿದ್ದೇನೂ ಅಲ್ಲ. ಒಂದೊಂದು ಕೊಂಡಿಯಲ್ಲೂ ಪಿನ್ನು ಅದರ ಬುಷ್ಷಿನೊಳಗೆ ತಿರುಗಿ ತಿರುಗಿ ಕೂದಲೆಳೆಯಷ್ಟು ಸವೆಯುತ್ತದೆ. ಅಂಥ ನೂರು ಚಿಲ್ಲರೆ ಸವೆತಗಳನ್ನು ಕೂಡಿದರೆ ಚೈನು ಜೋತುಬೀಳುತ್ತದೆ. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿ.ಮೀ. ಇಪ್ಪತ್ತು ಕೊಂಡಿಗೆ ಸರಿಯಾಗಿ 254 ಮಿ.ಮೀ. ಬರಬೇಕು. ಬಿಗಿಯಾಗಿ ಎಳೆದು ಹಿಡಿದಾಗ ಅಳತೆ 259 ಮುಟ್ಟಿದರೆ ಅದರ ಆಯುಸ್ಸು ಮುಗಿದಂತೆ. ಪಿನ್ನು, ಬುಷ್ಷು, ಅದರ ಮೇಲೆ ಉರುಳುವ ರೋಲರ್ ಎಂಬ ಈ ಜೋಡಣೆಯನ್ನು 1880ರಲ್ಲಿ ಮ್ಯಾಂಚೆಸ್ಟರಿನಲ್ಲಿ ರೂಪಿಸಿದವರು ಸ್ವಿಟ್ಜರ್ಲೆಂಡ್ ಮೂಲದ ಹ್ಯಾನ್ಸ್ ರೆನಾಲ್ಡ್. ಇವತ್ತಿನ ಬೈಕುಗಳ ಚೈನಿನ ಒಡಲೂ ಹೆಚ್ಚುಕಡಿಮೆ ಅದೇ.

ಹೊಸ ಹಲ್ಲುಚಕ್ರ ಕೂತ ಮೇಲೆ ನಿಜವಾದ ಕಸುಬು ಶುರು. ಹಳೆಯ ಚೈನಿನ ಲಾಕ್ ತೆಗೆದು ಅದರ ತುದಿಗೆ ಹೊಸದರ ತುದಿ ಸೇರಿಸುತ್ತಾರೆ. ಕೆಳಗಿನ ಕೊಳವೆಯಿಂದ ಹಳೆಯದನ್ನು ಎಳೆದರೆ ಮೇಲಿನ ಕೊಳವೆಯಲ್ಲಿ ಹೊಸದು ಒಳಗೆ ಹೋಗಬೇಕು. ಲಂಗದ ಹಳೇ ಲಾಡಿಗೆ ಹೊಸ ಲಾಡಿ ಗಂಟು ಹಾಕಿ ಎಳೆದ ಹಾಗೆಯೇ. ಗೇರು ನ್ಯೂಟ್ರಲ್ಲಿನಲ್ಲಿರಬೇಕು, ಗ್ಯಾರೇಜಿನ ಹುಡುಗ ಮೇಲಿಂದ ಒಂದೊಂದೇ ಗೇಣು ಬಿಡುತ್ತಾನೆ, ಮೇಸ್ತ್ರಿ ಕೆಳಗಿಂದ ಎಳೆಯುತ್ತಾರೆ. ಒಳಗೆ ಮುಂದಿನ ಹಲ್ಲುಚಕ್ರ ಕಿರ್ರನೆ ತಿರುಗುತ್ತದೆ. ಜೋಡಣೆ ಕಳಚಿ ಚೈನು ಕೊಳವೆಯೊಳಗೇ ಬಿತ್ತೋ, ಎಂಜಿನ್ನಿನ ಕವರ್ ಬಿಚ್ಚುವುದೊಂದೇ ದಾರಿ. ಹಾಗಾಗಿ ಈ ಹೊತ್ತಿನಲ್ಲಿ ಫೋನ್ ಹೊಡೆದುಕೊಂಡರೂ ಯಾರೂ ಎತ್ತುವುದಿಲ್ಲ.

ಕೊನೆಗೆ ಗ್ರೀಸಿನಲ್ಲಿ ಮಿರುಗುವ ಹೊಸ ತುದಿ ಕೆಳಗಿನ ಕೊಳವೆಯ ಬಾಯಲ್ಲಿ ಇಣುಕುತ್ತದೆ. ಎರಡು ತುದಿಗಳನ್ನೂ ಹಿಂದಿನ ಹಲ್ಲುಚಕ್ರದ ಅಕ್ಕಪಕ್ಕದ ಹಲ್ಲುಗಳಿಗೆ ಕೂರಿಸಿದರೆ ಚಕ್ರವೇ ಅವನ್ನು ಹಿಡಿದುಕೊಳ್ಳುತ್ತದೆ, ಕೈ ಬಿಡುವಾಗುತ್ತದೆ. ಲಾಕಿನ ಪಿನ್ನು ತೂರಿಸಿ, ಪಟ್ಟಿ ಇಟ್ಟು, ಮೇಲೆ ಕ್ಲಿಪ್ಪು. ಕ್ಲಿಪ್ಪಿನ ಮುಚ್ಚಿದ ತಲೆ ಚೈನು ಓಡುವ ದಿಕ್ಕಿಗೆ, ಸೀಳಿದ ಬಾಲ ಹಿಂದಕ್ಕೆ. ತಿರುಗಿಸಿ ಹಾಕಿದರೆ ಎಲ್ಲಾದರೂ ತಗುಲಿ ಹಾರಿಹೋದೀತು. ಪ್ಲಯರಿನ ಮೂತಿಯಿಂದ ಒತ್ತಿದಾಗ 'ಟಕ್' ಎನ್ನುತ್ತದೆ. ಆ ಸದ್ದು ಕೇಳುವ ತನಕ ಮೇಸ್ತ್ರಿ ನಂಬುವುದಿಲ್ಲ.

ಚಕ್ರ ಮರಳಿ ಹಾಕಿ, ಎರಡೂ ಪಕ್ಕದ ಅಡ್ಜಸ್ಟರ್ ನಟ್ಟುಗಳನ್ನು ಸರಿಸಮ ಸುತ್ತು ತಿರುಗಿಸುತ್ತಾರೆ. ಒಂದು ಕಡೆ ಹೆಚ್ಚಾದರೆ ಚಕ್ರ ಓರೆ. ಅದಕ್ಕೇ ಹಿಂದಿನ ಟೈರಿಗೆ ದಾರ ತಾಗಿಸಿ ಮುಂದಿನ ಟೈರಿನವರೆಗೆ ಎಳೆದು ಒಂದು ಕಣ್ಣು ಮುಚ್ಚಿ ನೋಡುವುದು. ಬಿಗಿ ನೋಡಲು ಕೆಳಗಿನ ರಬ್ಬರ್ ಕೊಳವೆಯ ನಡುವೆ ಹೆಬ್ಬೆರಳೊತ್ತಿ ಒಳಗಿನ ಚೈನು ಎಷ್ಟು ಏಳುತ್ತದೆ ಎಂದು ಅಂದಾಜಿಸುತ್ತಾರೆ: ಸುಮಾರು 20ರಿಂದ 25 ಮಿ.ಮೀ. ಸಾಕು. ಚಕ್ರ ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ, ಎಲ್ಲಿ ಅತಿ ಬಿಗಿಯೋ ಅಲ್ಲಿಯೇ ಅಳತೆ ಹಿಡಿಯುತ್ತಾರೆ. ಇನ್ನೊಂದು ಸುತ್ತು ಟೈಟ್ ಮಾಡಿ ಎಂದು ಮಾಲೀಕರು ಹೇಳಿಯೇ ಹೇಳುತ್ತಾರೆ. ನನ್ನ ಪ್ರಕಾರ ಹಳೆಯ ಗಾಡಿಗಳನ್ನು ಕೆಡಿಸುವುದರಲ್ಲಿ ಈ ಆಸೆಗೇ ಮೊದಲ ಸ್ಥಾನ. ಇಬ್ಬರು ಕೂತು ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿದಾಗ ಚೈನು ತಾನಾಗಿಯೇ ಬಿಗಿಯುತ್ತದೆ. ಆಗ ಸಡಿಲ ಉಳಿಯದಿದ್ದರೆ ಗೇರ್‌ಬಾಕ್ಸಿನ ಬೇರಿಂಗು ಪೆಟ್ಟು ತಿನ್ನುತ್ತದೆ.

"ಹೊಸದು, ಇನ್ನೂ ಸ್ವಲ್ಪ ಬಿಡ್ತದೆ. ಮುನ್ನೂರು ಕಿಲೋಮೀಟರ್ ಓಡ್ಸಿ ತಗೊಂಡ್ಬನ್ನಿ," ಎನ್ನುತ್ತಾ ಮೇಸ್ತ್ರಿ ಹಿಂದಿನ ಬ್ರೇಕಿನ ನಟ್ಟಿಗೆ ಕೈಹಾಕುತ್ತಾರೆ. ಚಕ್ರ ಜರುಗಿದ ಮೇಲೆ ಬ್ರೇಕಿನ ಅಳತೆಯೂ ಬದಲಾಗಿರುತ್ತದಲ್ಲ.