ಲೆಕ್ಕಪತ್ರ ಸಹಾಯಕರ ನೇಮಕ: ರೆಸ್ಯೂಮೆಯಲ್ಲಿ ಏನಿರಬೇಕು?

ಸಣ್ಣ ಉದ್ಯಮಗಳಲ್ಲಿ ಲೆಕ್ಕಪತ್ರ ಸಹಾಯಕರ ಹುದ್ದೆ ತೆರವಾದಾಗ ಹತ್ತಾರು ಅರ್ಜಿಗಳು ಬರುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ. 'ಟ್ಯಾಲಿ ಬಲ್ಲೆ, ಜಿಎಸ್‌ಟಿ ಬಲ್ಲೆ, ಪರಿಶ್ರಮಿ' ಎಂಬ ಮೂರು ಮಾತುಗಳಿಂದ ಅಭ್ಯರ್ಥಿಯ ನಿಜವಾದ ಸಾಮರ್ಥ್ಯ ತಿಳಿಯದು. ಪರಿಣಾಮವಾಗಿ ಕೆಲಸ ಬಲ್ಲವರು ಹೊರಗುಳಿಯುವುದೂ, ಅಂದವಾಗಿ ಅಚ್ಚು ಹಾಕಿಸಿದವರು ಆಯ್ಕೆಯಾಗುವುದೂ ಉಂಟು.

ಇಂತಹ ಆಯ್ಕೆಯ ಬೆಲೆ ಅಲ್ಪವಲ್ಲ. ಪ್ರತಿ ತಿಂಗಳು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ವ್ಯಾಪಾರಿಯು ಮಾರಾಟದ ವಿವರವಾದ ಜಿಎಸ್‌ಟಿಆರ್-1 ಅನ್ನು ಮುಂದಿನ ತಿಂಗಳ 11ರೊಳಗೆ, ತೆರಿಗೆ ಪಾವತಿಯ 3ಬಿ ಅನ್ನು 20ರೊಳಗೆ ಸಲ್ಲಿಸಬೇಕು. ತೆರಿಗೆ ಪಾವತಿ ತಡವಾದರೆ ವಾರ್ಷಿಕ ಶೇ. 18ರ ದರದಲ್ಲಿ ಬಡ್ಡಿ ತೆರಬೇಕಾಗುತ್ತದೆ. ಸರಬರಾಜುದಾರರ ಬಿಲ್ಲುಗಳನ್ನು 2ಬಿ ಪಟ್ಟಿಯೊಂದಿಗೆ ತಾಳೆ ನೋಡದೆ ಬಿಟ್ಟರೆ ಹೂಡುವಳಿ ತೆರಿಗೆ ಜಮೆ ಕೈತಪ್ಪಬಹುದು.

ಕೆಲಸದ ವಿವರವೇ ಮುಖ್ಯ

ಲೆಕ್ಕದಲ್ಲಿ ಪ್ರತಿಯೊಂದು ನಮೂದಿಗೂ ವೋಚರ್ ಇರಬೇಕೆಂಬುದು ನಿಯಮ. ರೆಸ್ಯೂಮೆಗೂ ಇದೇ ನಿಯಮ ಅನ್ವಯಿಸುತ್ತದೆ. ಅದರಲ್ಲಿನ ಪ್ರತಿಯೊಂದು ಸಾಲೂ ಪರೀಕ್ಷಿಸಿ ನೋಡಬಹುದಾದ ಹೇಳಿಕೆಯಾಗಿರಬೇಕು. ಉದಾಹರಣೆಗೆ ಹೀಗೆ ಬರೆಯಬಹುದು: '2022ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ಹಾರ್ಡ್‌ವೇರ್ ಸಗಟು ಮಳಿಗೆಯಲ್ಲಿ ಕೆಲಸ. ತಿಂಗಳಿಗೆ ಸುಮಾರು 250 ಮಾರಾಟ ಹಾಗೂ 60 ಖರೀದಿ ಬಿಲ್ಲುಗಳನ್ನು ಟ್ಯಾಲಿಯಲ್ಲಿ ದಾಖಲಿಸುವುದು. ವಾರಕ್ಕೊಮ್ಮೆ ಬ್ಯಾಂಕ್ ಲೆಕ್ಕ ತಾಳೆ ನೋಡುವುದು. ಜಿಎಸ್‌ಟಿ ರಿಟರ್ನ್‌ಗೆ ಅಂಕಿಅಂಶ ಸಿದ್ಧಪಡಿಸುವುದು. ರಿಟರ್ನ್ ಸಲ್ಲಿಕೆಯನ್ನು ಲೆಕ್ಕ ಪರಿಶೋಧಕರು ನಿರ್ವಹಿಸುತ್ತಿದ್ದರು.'

ಇದರಲ್ಲಿ ಅವಧಿ, ವ್ಯಾಪಾರದ ಸ್ವರೂಪ, ಕೆಲಸದ ಪ್ರಮಾಣ ಇವೆಲ್ಲವೂ ಇವೆ. ಕೊನೆಯ ವಾಕ್ಯವು ವಿಶೇಷವಾಗಿ ಗಮನಾರ್ಹ. ತನ್ನ ಕೆಲಸದ ಎಲ್ಲೆಯನ್ನು ತಾನೇ ತಿಳಿಸುವ ಅಭ್ಯರ್ಥಿಯ ಉಳಿದ ಮಾತುಗಳಿಗೂ ತೂಕ ಬರುತ್ತದೆ.

ಅನುಭವವಿಲ್ಲದ ಬಿ.ಕಾಂ. ಪದವೀಧರರು ಈ ಭಾಗವನ್ನು ಖಾಲಿ ಬಿಡಬೇಕಾಗಿಲ್ಲ. ಮನೆಯವರ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಬರೆದಿದ್ದರೆ, ರಜೆಯಲ್ಲಿ ಲೆಕ್ಕ ಪರಿಶೋಧಕರ ಕಚೇರಿಯಲ್ಲಿ ವೋಚರ್‌ಗಳನ್ನು ಜೋಡಿಸಿದ್ದರೆ ಅದೂ ಅನುಭವವೇ.

ಇರಬೇಕಾದುದು, ಬೇಡವಾದುದು

ಹೆಸರು, ದೂರವಾಣಿ ಸಂಖ್ಯೆ ಮತ್ತು ಊರು ಮೊದಲಿಗೆ ಬರಬೇಕು. ನಂತರ ಇತ್ತೀಚಿನ ಕೆಲಸದಿಂದ ಹಿಂದಕ್ಕೆ ಅನುಭವ, ಆ ಬಳಿಕ ವಿದ್ಯಾಭ್ಯಾಸ, ಬಳಸಬಲ್ಲ ತಂತ್ರಾಂಶಗಳು ಹಾಗೂ ಬಲ್ಲ ಭಾಷೆಗಳು. ಹೊಸಬರಿಗೆ ಒಂದು ಪುಟ, ಅನುಭವಸ್ಥರಿಗೆ ಎರಡು ಪುಟ ಸಾಕು. ನಡುವೆ ಕೆಲಸವಿಲ್ಲದ ಅವಧಿ ಇದ್ದರೆ ಒಂದು ವಾಕ್ಯದಲ್ಲಿ ಕಾರಣ ತಿಳಿಸುವುದು ಲೇಸು.

ಎಲ್ಲಿಂದಲೋ ನಕಲು ಮಾಡಿದ 'ಧ್ಯೇಯ'ದ ಸಾಲುಗಳಿಂದ ಪ್ರಯೋಜನವಿಲ್ಲ. ಜಾತಿ, ಧರ್ಮದ ವಿವರ ಅನಗತ್ಯ. ಆಧಾರ್ ಮತ್ತು ಪ್ಯಾನ್ ಸಂಖ್ಯೆಗಳನ್ನು ನೇಮಕ ಖಚಿತವಾದ ನಂತರ ನೀಡಿದರೆ ಸಾಕು. ಅರ್ಜಿ ಹಲವರ ಕೈ ಸೇರುವುದರಿಂದ ಈ ಎಚ್ಚರ ಅಗತ್ಯ.

ಪರಿಶೀಲನೆಯ ಕ್ರಮ

ಭವಿಷ್ಯ ನಿಧಿ ಸದಸ್ಯತ್ವವಿದ್ದ ಅಭ್ಯರ್ಥಿಯು ತನ್ನ ಯುಎಎನ್ ಖಾತೆಯಿಂದ ಸೇವಾ ವಿವರವನ್ನು ತೆಗೆದು ತೋರಿಸಬಲ್ಲನು. ಆದರೆ ಎಷ್ಟೋ ಸಣ್ಣ ಮಳಿಗೆಗಳು ಭವಿಷ್ಯ ನಿಧಿಯ ವ್ಯಾಪ್ತಿಗೆ ಬರುವುದಿಲ್ಲ. ಆದಕಾರಣ ದಾಖಲೆ ಇಲ್ಲವೆಂದ ಮಾತ್ರಕ್ಕೆ ಅನುಭವ ಸುಳ್ಳೆಂದು ತೀರ್ಮಾನಿಸಬಾರದು. ಹಿಂದಿನ ಮಾಲೀಕರನ್ನು ಅಭ್ಯರ್ಥಿಯ ಒಪ್ಪಿಗೆ ಪಡೆದು ವಿಚಾರಿಸಬಹುದು. ಹಾಲಿ ಕೆಲಸದಲ್ಲಿರುವವರ ಮಾಲೀಕರಿಗೆ ಮುನ್ಸೂಚನೆಯಿಲ್ಲದೆ ಕರೆ ಮಾಡಿದರೆ ಇರುವ ಕೆಲಸಕ್ಕೇ ಕುತ್ತು ಬಂದೀತು.

ಎಲ್ಲಕ್ಕಿಂತ ಮಿಗಿಲಾದುದು ಅರ್ಧ ಗಂಟೆಯ ಪ್ರಾಯೋಗಿಕ ಪರೀಕ್ಷೆ. ಹತ್ತು ಬಿಲ್ಲುಗಳನ್ನೂ ಒಂದು ತಿಂಗಳ ಮಾದರಿ ಬ್ಯಾಂಕ್ ವಿವರವನ್ನೂ ಕೊಟ್ಟು ದಾಖಲಿಸಲು ಹೇಳಿದರೆ ರೆಸ್ಯೂಮೆಯ ಮಾತಿಗೂ ಕೈಕೆಲಸಕ್ಕೂ ಇರುವ ಅಂತರ ತಾನಾಗಿ ಹೊರಬೀಳುತ್ತದೆ.

ಮಾಲೀಕರ ಹೊಣೆ

ಉತ್ತಮ ರೆಸ್ಯೂಮೆ ಬೇಕೆನ್ನುವವರು ಉತ್ತಮ ಜಾಹೀರಾತನ್ನೂ ನೀಡಬೇಕು. 'ಅಕೌಂಟೆಂಟ್ ಬೇಕಾಗಿದ್ದಾರೆ' ಎಂದಷ್ಟೇ ಬರೆಯುವ ಬದಲು ತಿಂಗಳ ಬಿಲ್ಲುಗಳ ಸಂಖ್ಯೆ, ಬಳಸುವ ತಂತ್ರಾಂಶ, ಕೆಲಸದ ವೇಳೆ ಮತ್ತು ವೇತನದ ಮಿತಿಯನ್ನು ತಿಳಿಸಿದರೆ ತಕ್ಕವರೇ ಅರ್ಜಿ ಸಲ್ಲಿಸುತ್ತಾರೆ.

ಇನ್ನೊಂದು ಹೊಣೆಯೂ ಇದೆ. ಅನೇಕ ಅಂಗಡಿಗಳಲ್ಲಿ ವರ್ಷಗಟ್ಟಲೆ ಲೆಕ್ಕ ಬರೆದವರು ಬಿಟ್ಟು ಹೋಗುವಾಗ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಸೇರಿದ ಮತ್ತು ಬಿಟ್ಟ ದಿನಾಂಕ ಹಾಗೂ ನಿರ್ವಹಿಸಿದ ಕೆಲಸವನ್ನು ತಿಳಿಸುವ ನಾಲ್ಕು ಸಾಲಿನ ಸೇವಾ ಪ್ರಮಾಣಪತ್ರವನ್ನು ಲೆಟರ್‌ಹೆಡ್ಡಿನಲ್ಲಿ ಸಹಿ, ಮೊಹರಿನೊಂದಿಗೆ ನೀಡಲು ಖರ್ಚಿಲ್ಲ. ಆ ನೌಕರನ ಮುಂದಿನ ರೆಸ್ಯೂಮೆಗೆ ಅದೇ ವೋಚರ್. ನಾಳೆ ಅರ್ಜಿಗಳನ್ನು ಕೈಗೆತ್ತಿಕೊಳ್ಳುವ ಮತ್ತೊಬ್ಬ ವ್ಯಾಪಾರಿಗೂ ಅದೇ ಆಧಾರ.